ತಾಂಡಾದ ಮಕ್ಕಳು, ಊರಿನ ಮಕ್ಕಳು: ಎರಡನೇ ತರಗತಿಯಲ್ಲಿ ಕಲಿಕೆಯ ಅಂತರ ನೋಡುವುದು ಹೇಗೆ?

ಪ್ರಶ್ನೆ (ಕಾರ್ಡು, ಚಟುವಟಿಕೆಗಳಿಂದ ಕಲಿಸುವ ‘ನಲಿ-ಕಲಿ’ ತರಗತಿಯ ಶಿಕ್ಷಕಿ, ಸಿಂದಗಿ ತಾಲ್ಲೂಕು):
ಸರ್, ನಮಸ್ಕಾರ್ರೀ. ನಮ್ಮ ಎರಡನೇ ತರಗತಿಯೊಳಗ 24 ಮಕ್ಕಳು, ಅದರಾಗ 7 ಮಂದಿ ಲಂಬಾಣಿ ತಾಂಡಾದಿಂದ ಬರ್ತಾರ. ಓದಿಸಿ ನೋಡಿದ್ರ ಊರಿನ ಮಕ್ಕಳು ಹೆಚ್ಚಿನವರು ಪದ, ವಾಕ್ಯದ ಮಟ್ಟಕ್ಕ ಬಂದಾರ. ತಾಂಡಾದವರು ಇಬ್ಬರನ್ನ ಬಿಟ್ರ ಉಳಿದವರು ಅಕ್ಷರದಾಗ ಅದಾರ. ಮ್ಯಾಲಿನವರು ಗುಂಪುವಾರು ಸರಾಸರಿ ತೆಗೆದು ಚಾರ್ಟ್ ಕೊಡ್ರಿ ಅಂತ ಕೇಳ್ಯಾರ. ‘ತಾಂಡಾದ ಮಕ್ಕಳು ಹಿಂದ’ ಅಂತ ಬರೆದು ಕೊಡಾಕ ಮನಸ್ಸು ಒಪ್ಪವಲ್ದು. ಈ ಅಂತರ ಖರೇನ ಎಷ್ಟು, ಹೆಂಗ ತಿಳೀಬೇಕ್ರೀ?

ಉತ್ತರ (ಬುನಾದಿ ಕಲಿಕೆ ಸಂಪನ್ಮೂಲ ವ್ಯಕ್ತಿ, ವಿಜಯಪುರ):
ಮೇಡಂ, ಈಗಲೇ ಬರೆದು ಕೊಡಬೇಡಿ. 7 ಮಕ್ಕಳ ಗುಂಪಿನಲ್ಲಿ ಒಂದು ಮಗು ಎಂದರೆ ಶೇ. 14. ಅಂದು ಒಬ್ಬನಿಗೆ ಜ್ವರ ಬಂದಿದ್ದರೂ ಇಡೀ ತಾಂಡಾದ ಅಂಕಿ ಕೆಳಗಿಳಿಯುತ್ತದೆ. ಇಷ್ಟು ಚಿಕ್ಕ ಗುಂಪಿಗೆ ಸರಾಸರಿ ತೆಗೆಯುವುದೇ ತಪ್ಪು. ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿ: ಪ್ರಾರಂಭಿಕ, ಅಕ್ಷರ, ಪದ, ವಾಕ್ಯವೃಂದ, ಕಥೆ. ಪ್ರತಿ ಮಗುವಿನ ಹೆಸರನ್ನೇ ಅದರ ಮಟ್ಟದ ಕೆಳಗೆ ಬರೆಯಿರಿ. ಹೆಸರಿನ ಪಕ್ಕ ನಾಲ್ಕು ಸಂಗತಿ ಇರಲಿ: ಈ ವರ್ಷ ಹಾಜರಾದ ದಿನ, ವಯಸ್ಸು ತಿಂಗಳ ಲೆಕ್ಕದಲ್ಲಿ, ಮನೆಮಾತು, ಜೂನ್‌ನಲ್ಲಿ ಯಾವ ಮಟ್ಟದಲ್ಲಿತ್ತು.

ವಯಸ್ಸಿನ ಬಗ್ಗೆ ಒಂದು ಎಚ್ಚರಿಕೆ. ದಾಖಲಾತಿಯಲ್ಲಿ ಜನ್ಮದಿನ ಜೂನ್ 1 ಎಂದು ಕಂಡರೆ ಹಾಗೇ ನಂಬಬೇಡಿ, ಅದು ಅಂದಾಜಿಗೆ ಬರೆದದ್ದು ಇರಬಹುದು. ಅಂಗನವಾಡಿ ವಹಿ ಇಲ್ಲವೇ ತಾಯಿ ಕಾರ್ಡ್ ನೋಡಿ. ಒಂದೇ ತರಗತಿಯ ಹಿರಿ ಮಗುವಿಗೂ ಕಿರಿ ಮಗುವಿಗೂ ಹನ್ನೊಂದು ತಿಂಗಳ ವ್ಯತ್ಯಾಸ ಇರಬಹುದು. ಆರು ವರ್ಷದ ಮಗುವಿಗೆ ಅದು ಅದರ ಆಯಸ್ಸಿನ ಸುಮಾರು ಆರನೇ ಒಂದು ಭಾಗದಷ್ಟು. ಜಾಣತನ, ದಡ್ಡತನ ಎಂದು ನಾವು ಹೇಳುವುದರಲ್ಲಿ ಒಂದಿಷ್ಟು ಬರೀ ವಯಸ್ಸು.

ಆಮೇಲೆ ತಾಂಡಾ, ಊರು ಎಂದು ಹೋಲಿಸುವುದನ್ನು ಬಿಟ್ಟು, ಶೇ. 80ಕ್ಕಿಂತ ಹೆಚ್ಚು ದಿನ ಬಂದ ತಾಂಡಾದ ಮಗುವನ್ನು ಅಷ್ಟೇ ದಿನ ಬಂದ, ಹೆಚ್ಚುಕಡಿಮೆ ಅದೇ ವಯಸ್ಸಿನ ಊರಿನ ಮಗುವಿನ ಜತೆ ಇಟ್ಟು ನೋಡಿ. ಅಲ್ಲಿಯೂ ಅಂತರ ಉಳಿದರೆ ಭಾಷೆಯ ಕಡೆ, ನಮ್ಮ ಬೋಧನೆಯ ಕಡೆ ತಿರುಗಬೇಕು.

ಓದಿಸುವ ಕ್ರಮವೂ ಅಷ್ಟೇ ಮುಖ್ಯ. ಒಂದೊಂದೇ ಮಗುವನ್ನು ಬೇರೆ ಕೂರಿಸಿಕೊಂಡು, ಪಠ್ಯದಲ್ಲಿಲ್ಲದ ನಾಲ್ಕು ಸಾಲಿನ ವಾಕ್ಯವೃಂದದಿಂದ ಶುರುಮಾಡಿ. ಪಠ್ಯದ್ದೇ ಕೊಟ್ಟರೆ ದಿನಾ ಬರುವ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಅದು ಓದಿನಂತೆ ಕಾಣುತ್ತದೆ. ಮೂರಕ್ಕಿಂತ ಹೆಚ್ಚು ತಪ್ಪಾದರೆ ಪದಕ್ಕೆ ಇಳಿಯಿರಿ. ಐದರಲ್ಲಿ ನಾಲ್ಕು ಪದ ಸರಿಯಾದರೆ ಪದದ ಮಟ್ಟ. ಇಲ್ಲದಿದ್ದರೆ ಅಕ್ಷರ, ಅಲ್ಲಿಯೂ ಐದರಲ್ಲಿ ನಾಲ್ಕು. ಸಾಧ್ಯವಿದ್ದರೆ ನಿಮ್ಮ ಮಕ್ಕಳನ್ನು ಪಕ್ಕದ ಕೋಣೆಯವರು ಓದಿಸಲಿ. ‘ಇವನಿಗೆ ಬರ್ತದ’ ಎಂದು ಗೊತ್ತಿರುವ ಮಗುವಿಗೆ ನಾವು ಅರಿವಿಲ್ಲದೆ ಮೊದಲಕ್ಷರ ಎತ್ತಿಕೊಡುತ್ತೇವೆ, ‘ಬರೂದಿಲ್ಲ’ ಎಂದುಕೊಂಡ ಮಗುವಿಗೆ ಎರಡು ಸೆಕೆಂಡೂ ಕಾಯುವುದಿಲ್ಲ.

ಮನೆಮಾತಿನ ವಿಷಯದಲ್ಲಿ ಹೆಚ್ಚು ಅನ್ಯಾಯ ಆಗುವುದು ಚಿತ್ರಪಟದಲ್ಲಿ. ಮನೆಯ ಚಿತ್ರ ತೋರಿಸಿ ‘ಮೊದಲ ಅಕ್ಷರ ಯಾವುದು?’ ಎಂದರೆ ಲಂಬಾಣಿ ಮಗುವಿನ ತಲೆಯಲ್ಲಿ ಬರುವುದು ‘ಘರ’. ನೀರಿನ ಚಿತ್ರಕ್ಕೆ ‘ಪಾಣಿ’. ಮಗು ‘ಪ’ ಎಂದರೆ ನಾವು ತಪ್ಪು ಹಾಕುತ್ತೇವೆ. ಧ್ವನಿ ಬಿಡಿಸುವ ಶಕ್ತಿ ಮಗುವಿಗೆ ಇದೆ, ಕನ್ನಡದ ಹೆಸರು ಗೊತ್ತಿಲ್ಲ, ಅಷ್ಟೇ. ಮೊದಲು ‘ಇದು ನೀರು’ ಎಂದು ಹೆಸರು ಹೇಳಿ, ಆಮೇಲೆ ಅಕ್ಷರ ಕೇಳಿ. ಊರಿನ ಮಗು ‘ಮನೆ ಇದೆ’ ಎಂಬುದನ್ನು ‘ಮನಿ ಐತಿ’ ಎಂದು ಓದಿದರೆ ನಾವೆಲ್ಲ ಒಪ್ಪಿಕೊಳ್ಳುತ್ತೇವೆ, ನಮ್ಮ ಮಾತೂ ಅದೇ ಆದ್ದರಿಂದ. ‘ಮನಿ’ ಬರೀ ಉಚ್ಚಾರಣೆ, ತಪ್ಪಲ್ಲ. ‘ಐತಿ’ ಎಂದಾಗ ಬೆರಳಿಟ್ಟು ಇನ್ನೊಮ್ಮೆ ಓದಿಸಿ, ಅಕ್ಷರ ನೋಡಿ ‘ಇದೆ’ ಎಂದರೆ ಸರಿ ಹಾಕಿ. ಇದೇ ಎರಡನೇ ಅವಕಾಶ ತಾಂಡಾದ ಮಗುವಿಗೂ ಸಿಗಲೇಬೇಕು.

ಪ್ರಶ್ನೆ (ಶಿಕ್ಷಕ, ಖಾನಾಪುರ ತಾಲ್ಲೂಕು):
ಇದೇ ವಿಷಯಕ್ಕೆ ಸೇರಿದ್ದು ಸರ್. ನಮ್ಮ ಕನ್ನಡ ಶಾಲೆಯಲ್ಲಿ ಮರಾಠಿ ಮನೆಮಾತಿನ ಮಕ್ಕಳು ಗಣಿತದಲ್ಲಿ ಹಿಂದೆ ಕಾಣ್ತಾರೆ. ಇಪ್ಪತ್ತಮೂರು ಬರೀರಿ ಅಂದ್ರೆ 32 ಬರೀತಾರೆ. ಸ್ಥಾನಬೆಲೆ ತಿಳಿದಿಲ್ಲ ಅಂತ ತಿಳ್ಕೋಬೇಕಾ?

ಉತ್ತರ:
ಅವಸರ ಬೇಡ ಸರ್. ಮರಾಠಿಯಲ್ಲಿ 23 ಎಂದರೆ ‘ತೇವೀಸ’, ಬಿಡಿ ಮೊದಲು, ಹತ್ತು ಆಮೇಲೆ. ಉರ್ದು ಮನೆಯ ಮಕ್ಕಳಿಗೂ ಇದೇ ಕ್ರಮ. ಕಿವಿಗೆ ಬಿದ್ದದ್ದನ್ನು ಮನೆಯ ಲೆಕ್ಕಕ್ಕೆ ತಿರುಗಿಸಿಕೊಂಡು, ಮೊದಲು ಬಂದ ಮೂರನ್ನು ಮೊದಲು ಬರೆದುಬಿಡುತ್ತಾರೆ.

ಬಾಯಲ್ಲಿ ಹೇಳದೆ 23 ಎಂದು ಬರೆದು ತೋರಿಸಿ, ಹತ್ತು ಕಡ್ಡಿಯ ಕಟ್ಟು ಮತ್ತು ಬಿಡಿ ಕಡ್ಡಿಗಳಿಂದ ಅಷ್ಟು ಮಾಡಿಕೊಡಲು ಹೇಳಿ. ಎರಡು ಕಟ್ಟು, ಮೂರು ಬಿಡಿ ಇಟ್ಟರೆ ಸ್ಥಾನಬೆಲೆ ತಿಳಿದಿದೆ, ತೊಡಕು ಇರುವುದು ಕೇಳಿ ಬರೆಯುವಲ್ಲಿ ಮಾತ್ರ. ಮೂರು ಕಟ್ಟು ಇಟ್ಟರೆ ಸ್ಥಾನಬೆಲೆಯನ್ನೇ ಮತ್ತೆ ಕಲಿಸಬೇಕು. ಉಕ್ತಲೇಖನದ ತಪ್ಪುಗಳನ್ನೂ ಗಮನಿಸಿ: 40, 44, 50 ಸರಿಯಾಗಿದ್ದು 23, 47, 68 ಮಾತ್ರ ತಿರುಗಿದ್ದರೆ ಹೆಚ್ಚಾಗಿ ಭಾಷೆಯದೇ ಕಾರಣ. ಪರಿಹಾರಕ್ಕೆ ‘20’ ಬರೆದ ಉದ್ದ ಕಾರ್ಡು, ‘3’ ಬರೆದ ಅರ್ಧ ಕಾರ್ಡು ಮಾಡಿ. ‘ಇಪ್ಪತ್ತು’ ಎಂದಾಗ ಉದ್ದ ಕಾರ್ಡು ಇಡಲಿ, ‘ಮೂರು’ ಎಂದಾಗ ಸೊನ್ನೆಯ ಮೇಲೆ ಅರ್ಧ ಕಾರ್ಡು ಕೂಡಲಿ. ಮಾತಿನ ಕ್ರಮ, ಕೈಯ ಕ್ರಮ ಒಂದಾಗುವವರೆಗೆ ದಿನಕ್ಕೆ ಹತ್ತು ಸಂಖ್ಯೆ ಸಾಕು.

ಪ್ರಶ್ನೆ (ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯ, ಹುನಗುಂದ ತಾಲ್ಲೂಕು):
ಎಲ್‌ಕೆಜಿ, ಯುಕೆಜಿ ಓದಿ ಬಂದವರು ಅಂಗನವಾಡಿಯಿಂದ ಬಂದವರಿಗಿಂತ ಮುಂದಿದ್ದಾರೆ. ಈ ಅಂತರ ಹಂಗ ಉಳಿತದೇನ್ರಿ?

ಉತ್ತರ:
ಜೂನ್‌ನಲ್ಲಿ ಅಕ್ಷರ, ಅಂಕಿಯಲ್ಲಿ ಮುಂದಿರುವುದು ಸಹಜ, ಅವರಿಗೆ ಮೊದಲೇ ಬರೆಸಿರುತ್ತಾರೆ. ಉಳಿಯುತ್ತದೋ ಇಲ್ಲವೋ ಎಂಬುದು ಮಾರ್ಚ್‌ನ ಅಂಕಿ ಒಂದರಿಂದಲೇ ಗೊತ್ತಾಗದು, ಎಷ್ಟು ಮುಂದೆ ಬಂದರು ಎಂಬುದು ಬೇಕು. ಒಬ್ಬಳು 30 ಅಕ್ಷರದಿಂದ 45ಕ್ಕೆ, ಇನ್ನೊಬ್ಬಳು 5ರಿಂದ 40ಕ್ಕೆ ಬಂದಿದ್ದರೆ ಹೆಚ್ಚು ಕಲಿತವಳು ಯಾರು? ಒಂದು ಮೋಸವೂ ಇದೆ: ಪ್ರಶ್ನೆಪತ್ರಿಕೆ ತೀರಾ ಸುಲಭವಾಗಿದ್ದರೆ ಎಲ್ಲರಿಗೂ ಪೂರ್ತಿ ಅಂಕ ಬಂದು ಅಂತರ ಮುಚ್ಚಿತು ಎನ್ನಿಸುತ್ತದೆ, ಮುಚ್ಚಿರುವುದಿಲ್ಲ. ನಾನಾದರೆ ಶಬ್ದಭಂಡಾರವನ್ನು ನೋಡುತ್ತೇನೆ. ಕಥೆ ಕೇಳಿ ಮರಳಿ ಹೇಳಲು ಬಾರದ ಮಗು ಅಕ್ಷರ ಕಲಿತರೂ ಮೂರನೇ ತರಗತಿಯಲ್ಲಿ ಎಡವುತ್ತದೆ.

ಮರುಪ್ರಶ್ನೆ (ಸಿಂದಗಿ ಶಿಕ್ಷಕಿ):
ಹಾಜರಿ ಪುಸ್ತಕ ನೋಡಿದೆ ಸರ್. 7ರೊಳಗ 5 ಮಕ್ಕಳು ದೀಪಾವಳಿ ಮುಗಿಸಿ ಕಬ್ಬು ಕಡಿಯೋಕ ತಾಯಿ-ತಂದಿ ಜೋಡಿ ಗುಳೆ ಹೋಗಿ, ಹೋಳಿ ಹುಣ್ಣಿಮಿಗೆ ಬಂದಾರ. ಉಳಿದ ಇಬ್ಬರು ದಿನಾ ಬಂದಾರ, ಪದ ಓದ್ತಾರ. ಆ ಐದು ಮಂದಿನ್ನ ಎಲ್ಲಿಂದ ಶುರುಮಾಡ್ಲಿ?

ಉತ್ತರ:
ನೋಡಿದಿರಾ ಮೇಡಂ, ಲೆಕ್ಕ ಅಲ್ಲೇ ಇದೆ.

ಕಲಿಕಾ ಏಣಿಯಲ್ಲಿ (ನಲಿ-ಕಲಿಯ ಕಲಿಕೆಯ ಮೆಟ್ಟಿಲುಗಳ ಪಟ್ಟಿ) ಅವರು ಅಕ್ಟೋಬರ್‌ನಲ್ಲಿ ನಿಂತ ಮೆಟ್ಟಿಲು, ಪ್ರತಿ ಮಗುವಿನ ಪ್ರಗತಿ ಗುರುತಿಸುವ ‘ಪ್ರಗತಿ ನೋಟ’ದಲ್ಲಿ ಇರಬೇಕು. ತರಗತಿಯ ಜತೆ ಅವರದೂ ಮುಂದೆ ತುಂಬಿದ್ದರೆ ತಿದ್ದಿಬಿಡಿ, ಇಲ್ಲದಿದ್ದರೆ ಮಗು ಕಲಿಯದ ಕಾರ್ಡು ಕೈಗೆ ಬರುತ್ತದೆ. ನಿಂತ ಮೆಟ್ಟಿಲಿಗಿಂತ ಎರಡು ಮೈಲಿಗಲ್ಲು (ಮೆಟ್ಟಿಲುಗಳ ಗುಂಪು) ಹಿಂದಿನಿಂದ ಹತ್ತು ನಿಮಿಷ ಪರೀಕ್ಷಿಸಿ. ‘ರಗಸದಅ’ದಂಥ ಮೊದಲ ಗುಂಪಿನ ಅಕ್ಷರಗಳು ಸಾಮಾನ್ಯವಾಗಿ ಉಳಿದಿರುತ್ತವೆ, ಹೋಗುವುದು ಕಾಗುಣಿತ. ಅದರಲ್ಲೂ ಕಿ-ಕೀ, ಕೆ-ಕೇ ಹ್ರಸ್ವ ದೀರ್ಘ. ಒತ್ತಕ್ಷರ ಈಗಲೇ ಹಿಡಿಯಬೇಡಿ. ದಿನಾ ಬರುವ ಮಕ್ಕಳಿಗೇ ಅದು ಗಟ್ಟಿಯಾಗಲು ನಾಲ್ಕನೇ ತರಗತಿವರೆಗೆ ಬೇಕಾಗುತ್ತದೆ.

ಮೂರು ವಾರ ಐವರನ್ನೂ ಶಿಕ್ಷಕರ ಬೆಂಬಲಿತ ತಟ್ಟೆಯಲ್ಲಿ, ಅಂದರೆ ನೀವೇ ಜತೆಗಿದ್ದು ಕಲಿಸುವ ಗುಂಪಿನಲ್ಲಿ, ಕೂರಿಸಿ. ದಿನಕ್ಕೆ 15 ನಿಮಿಷ ಕಾಗುಣಿತ, 5 ನಿಮಿಷ ಕಥೆ ಕೇಳಿ ಹೇಳುವುದು. ಆಮೇಲೆ ಒಬ್ಬೊಬ್ಬರನ್ನು ಬೇರೆ ಬೇರೆ ತಟ್ಟೆಗೆ ಹಂಚಿ. ಐವರನ್ನೂ ವರ್ಷವಿಡೀ ಒಂದೇ ಮೂಲೆಯಲ್ಲಿ ಇಟ್ಟರೆ ಅದು ತಾಂಡಾದ ಮೂಲೆ ಆಗಿಬಿಡುತ್ತದೆ. ನನಗೆ ಬಹಳ ಸಂಕಟ ಆಗುವುದು ಅದಕ್ಕೇ.

ಚಾರ್ಟ್‌ನಲ್ಲಿ ಹೀಗೆ ಬರೆಯಿರಿ: ‘ತಾಂಡಾದ 7 ಮಕ್ಕಳಲ್ಲಿ ಪೂರ್ಣ ಹಾಜರಾತಿಯ 2 ಮಕ್ಕಳು ಪದದ ಮಟ್ಟ. ದೀಪಾವಳಿಯಿಂದ ಹೋಳಿವರೆಗೆ ಗುಳೆ ಹೋಗಿದ್ದ 5 ಮಕ್ಕಳು ಅಕ್ಷರದ ಮಟ್ಟ.’ ಮುಂದಿನ ವರ್ಷ ದಸರಾಕ್ಕೂ ಮೊದಲೇ ಹೋಗುವವರ ಪಟ್ಟಿಯನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರಿಗೆ ಬರಹದಲ್ಲಿ ಕೊಡಿ. ಸರ್ಕಾರದ ‘ಸಮಗ್ರ ಶಿಕ್ಷಣ’ ಯೋಜನೆಯಲ್ಲಿ ಋತುಮಾನದ ವಸತಿ ವ್ಯವಸ್ಥೆಗೆ ಅವಕಾಶ ಇದೆ, ಆದರೆ ಮಕ್ಕಳು ಹೋದ ಮೇಲೆ ಕೇಳಿದರೆ ಉಪಯೋಗವಿಲ್ಲ. ಅಜ್ಜ-ಅಜ್ಜಿ ಇಟ್ಟುಕೊಳ್ಳುವ ಮನೆ ಯಾವುದು ಎಂದೂ ಆಗಲೇ ವಿಚಾರಿಸಿ. ಹೋಗಲೇಬೇಕಾದ ಮಗುವಿಗೆ ಸ್ಯಾಟ್ಸ್ ಸಂಖ್ಯೆ (ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ನಿಂತ ಮೆಟ್ಟಿಲು ಎರಡನ್ನೂ ಒಂದು ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಅಲ್ಲಿನ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಅದನ್ನೂ ಆ ತಾಯಿಗೆ ತಿಳಿಸಿ ಹೇಳಿ.