ಹಣವಿಲ್ಲ, ಬಿಡುವಿದೆ: ಯಾರಿಗೆ, ಹೇಗೆ ನೆರವಾಗಬಹುದು?

ಪ್ರಶ್ನೆ (ಬನಶಂಕರಿಯಿಂದ)
ಕಳೆದ ವರ್ಷ ನಿವೃತ್ತನಾದೆ. ಹೆಚ್ಚು ಹಣ ಕೊಡುವ ಶಕ್ತಿಯಿಲ್ಲವಾದರೂ ವಾರದಲ್ಲಿ ಎರಡು ದಿನ ಬಿಡುವಿದೆ. ಕಷ್ಟದಲ್ಲಿರುವವರಿಗೆ ನಿಜಕ್ಕೂ ಉಪಯೋಗವಾಗುವ ಸಣ್ಣ ಕೆಲಸಗಳನ್ನು ಮಾಡಿದವರು ಅನುಭವ ತಿಳಿಸಬೇಕಾಗಿ ಕೋರುತ್ತೇನೆ.

ಜಯನಗರದಿಂದ
ನಾನು ಆರಂಭಿಸಿದ್ದು ಎಲ್ಲರಂತೆ ಅನ್ನದಿಂದಲೇ. ಕಿದ್ವಾಯಿ, ನಿಮ್ಹಾನ್ಸ್‌ಗಳಿರುವ ಹೊಸೂರು ರಸ್ತೆಯ ಆಸುಪಾಸಿನಲ್ಲಿ ರಾಜ್ಯದ ಮೂಲೆಮೂಲೆಯಿಂದ ಬಂದ ರೋಗಿಗಳ ಕಡೆಯವರು ಸದಾ ಇರುತ್ತಾರೆ. ಒಂದು ಭಾನುವಾರ ಪುಳಿಯೋಗರೆ ಪೊಟ್ಟಣ ಹಂಚಲು ಹೋದಾಗ ಕಲಬುರಗಿ ಕಡೆಯ ತಾಯಿಯೊಬ್ಬರು, "ಊಟ ಆಗ್ಯದ್ರಿ ಅಣ್ಣಾ, ಈ ಚೀಟ್ಯಾಗ ಏನ್ ಬರದಾರ ಹೇಳ್ರಿ" ಎಂದು ಕಾಗದವನ್ನು ಕೈಗಿತ್ತರು. ಅಂದಿನಿಂದ ಪೊಟ್ಟಣ ಬಿಟ್ಟು ಚೀಟಿ ಹಿಡಿದಿದ್ದೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದ್ದರೂ, ಪಡಿತರ ಚೀಟಿಯನ್ನೋ ತಾಲ್ಲೂಕು ಆಸ್ಪತ್ರೆಯ ರೆಫರಲ್ ಪತ್ರವನ್ನೋ ಊರಲ್ಲೇ ಮರೆತು ಬಂದು ಕಂಗಾಲಾದವರನ್ನು ಎಷ್ಟೋ ಸಲ ಕಂಡಿದ್ದೇನೆ. ಆ ತಾಯಿಯೂ ಅಂಥವರೇ. ಅವರ ಮನೆಗೆ ಫೋನ್ ಮಾಡಿಸಿ, ಪತ್ರದ ಫೋಟೊವನ್ನು ವಾಟ್ಸಾಪ್‌ನಲ್ಲಿ ತರಿಸಿ, ಅಂಗಡಿಯಲ್ಲಿ ಎರಡು ಪ್ರತಿ ತೆಗೆಸಿಕೊಡಲು ನನಗೆ ಹಿಡಿದದ್ದು ಅರ್ಧ ಗಂಟೆ, ತಗುಲಿದ್ದು ಹತ್ತು ರೂಪಾಯಿ. ಎರಡು ಎಚ್ಚರಿಕೆಗಳಿವೆ: ಚಿಕಿತ್ಸೆಯ ಬಗ್ಗೆ ಒಂದಕ್ಷರವೂ ಸಲಹೆ ಕೊಡಬೇಡಿ, ಅವರ ಕಾಗದಗಳ ಫೋಟೊ ನಿಮ್ಮ ಫೋನಿನಲ್ಲಿ ಉಳಿಯದಿರಲಿ. ಅನ್ನವನ್ನೇ ಕೊಡುವುದಾದರೆ ಭಾನುವಾರ ಮಧ್ಯಾಹ್ನ ಬಿಟ್ಟು ಬೇರೆ ಹೊತ್ತಿಗೆ ಹೋಗಿ. ಆಗ ಕೊಡುವವರು ಕಡಿಮೆ.

ಮಲ್ಲೇಶ್ವರದಿಂದ
ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ 5 ದಿನಕ್ಕಿಂತ ಹೆಚ್ಚು ಕೂಡಿಡಲಾಗದ ಕಾರಣ, ಕ್ಯಾನ್ಸರ್ ರೋಗಿಗಳ ಮನೆಯವರು ದಾನಿಗಳನ್ನು ಹುಡುಕುತ್ತಲೇ ಇರುತ್ತಾರೆ. 60 ದಾಟಿದವರಿಂದ ಅದನ್ನು ತೆಗೆದುಕೊಳ್ಳುವುದಿಲ್ಲ. ಆದರೆ ಯಂತ್ರದ ಪಕ್ಕ ಒಂದೂವರೆ ಗಂಟೆ ಮಲಗಬೇಕೆಂದರೆ ಹುಡುಗರು ಹಿಂಜರಿಯುತ್ತಾರೆ. ಮೊದಲ ಸಲ ನಾನು ಧೈರ್ಯ ಮಾಡಿದ್ದು ಪಕ್ಕದ ಮನೆಯ ಮೇಷ್ಟ್ರು ಜೊತೆಗೆ ಬಂದು ಕುಳಿತಿದ್ದರಿಂದ. ಆ ಕೆಲಸವನ್ನು ನೀವೂ ಮಾಡಬಹುದು.

ಬಸವನಗುಡಿಯಿಂದ
ಅಷ್ಟು ದೂರ ಹೋಗಲಾಗದ ದಿನ ನಿಮ್ಮ ಬೀದಿಯನ್ನೇ ನೋಡಿ. ಮಕ್ಕಳು ವಿದೇಶದಲ್ಲಿರುವ ಎಷ್ಟು ಹಿರಿಯರು ನವೆಂಬರ್ ಬಂತೆಂದರೆ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕಾಗಿ ಆಟೊ ಹಿಡಿದು ಬ್ಯಾಂಕಿಗೆ ಅಲೆಯುತ್ತಾರೆ! ಬೆರಳಚ್ಚು ಸವೆದು ಯಂತ್ರ ಒಪ್ಪದಿದ್ದರೂ ಮೊಬೈಲಿನಲ್ಲಿ ಮುಖ ಗುರುತಿಸಿ ಅದನ್ನು ಸಲ್ಲಿಸುವ ವ್ಯವಸ್ಥೆಯಿದೆ. ಕಳೆದ ನವೆಂಬರಿನಲ್ಲಿ ನಮ್ಮ ಬೀದಿಯ ಏಳು ಮಂದಿಗೆ ಮಾಡಿಕೊಟ್ಟೆ. ಕಾಫಿ ಕುಡಿಯದೆ ಯಾರೂ ಬಿಡಲಿಲ್ಲ, ಏಳನೆಯ ಮನೆಯಲ್ಲಿ ಅದೇ ಕಷ್ಟವಾಯಿತು.