ಪ್ರತಿ ವರ್ಷ ಮುಸುಕಿನ ಜೋಳವನ್ನೇ ಹಾಕಿದರೆ ಹೊಲ ತಡೆಯುತ್ತಾ?

ಪ್ರಶ್ನೆ, ತಾಳವಾಡಿ ತಾಲೂಕಿನಿಂದ:
ನಮ್ಮದು ಮಳೆ ನಂಬಿದ ಹೊಲ. ಎಥನಾಲ್ ಕಾರ್ಖಾನೆಗೆ ಬೇಕು ಅಂತ ವ್ಯಾಪಾರಿಗಳು ಮುಸುಕಿನ ಜೋಳ ಕೇಳಿಕೊಂಡು ಬರುತ್ತಿದ್ದಾರೆ. ರಾಗಿ, ಅವರೆ ಬಿಟ್ಟು ವರ್ಷವೂ ಜೋಳವನ್ನೇ ಹಾಕಬಹುದಾ? ಮಣ್ಣು ಏನಾಗುತ್ತದೆ? ಬೆಳೆದವರು ಹೇಳಿ.

ಅದೇ ತಾಲೂಕಿನಿಂದ:
ಅಣ್ಣಾ, ಒಂದು ವರ್ಷ ಹಾಕಿ, ತೊಂದರೆ ಇಲ್ಲ. ಮೇಲಿಂದ ಮೇಲೆ ಬೇಡ. ನಮ್ಮಲ್ಲಿ ಮೊದಲ ವರ್ಷ ತೆನೆ ಚೆನ್ನಾಗಿ ಕಟ್ಟಿತು. ಆಮೇಲೆ ಅಷ್ಟೇ ಇಳುವರಿ ತೆಗೆಯಲು ಯೂರಿಯಾ ಜಾಸ್ತಿ ಸುರಿಯಬೇಕಾಯಿತು. ಹತ್ತು ಕ್ವಿಂಟಲ್ ಕಾಳಿನ ಜೊತೆ ಸುಮಾರು 15 ಕೆಜಿ ಸಾರಜನಕ ಹೊಲ ಬಿಟ್ಟು ಹೋಗುತ್ತದೆ. ಕಾರ್ಖಾನೆಯಲ್ಲಿ ಎಥನಾಲ್ ಆಗುವುದು ಪಿಷ್ಟ ಮಾತ್ರ. ಅದು ಗಾಳಿ, ನೀರು, ಬಿಸಿಲಿನಿಂದ ಆದದ್ದು. ಮಣ್ಣಿನಿಂದ ಹೋದ ಸಾರಜನಕ, ರಂಜಕ ಉಳಿದ ಹಿಂಡಿಯಲ್ಲೇ ಇರುತ್ತವೆ. ಆ ಹಿಂಡಿ ಎಲ್ಲಿಯದೋ ಕೋಳಿಗೆ, ದನಕ್ಕೆ ಮೇವಾಗುತ್ತದೆ. ನಮ್ಮ ಹೊಲಕ್ಕೆ ತಿರುಗಿ ಬರಲ್ಲ. ನನಗೆ ಸಂಕಟ ಆಗುವುದು ಇದಕ್ಕೇ.

ದಂಟನ್ನಾದರೂ ಉಳಿಸಿಕೊಳ್ಳಿ. ಪೊಟ್ಯಾಷ್ ಹೆಚ್ಚಿರುವುದು ಅದರಲ್ಲೇ. ದನಕ್ಕೆ ಹಾಕಿದರೆ ಕೊಟ್ಟಿಗೆ ಗೊಬ್ಬರ ಅದೇ ಹೊಲಕ್ಕೆ ಹೊಡೆಯಿರಿ. ದನ ಇಲ್ಲವಾ, ಕತ್ತರಿಸಿ ಮಣ್ಣಿಗೆ ಸೇರಿಸಿ. ಬೆಂಕಿ ಮಾತ್ರ ಇಡಬೇಡಿ.

ಇನ್ನೊಬ್ಬರು:
ಅವರೆ ಬಿಡಬೇಡಿ ಸ್ವಾಮಿ. ಜೋಳದ ನಡುವೆ ಅಕ್ಕಡಿ ಸಾಲು, ಅಂದರೆ ಅವರೆ, ಅಲಸಂದೆಯ ಸಾಲು ಹಾಕಿ, ಮುಂದಿನ ವರ್ಷ ರಾಗಿಗೆ ಬನ್ನಿ. ಆದರೆ ಅಕ್ಕಡಿ ಇದ್ದರೆ ಅಟ್ರಾಜಿನ್ ಕಳೆನಾಶಕ ಹೊಡೆಯುವಂತಿಲ್ಲ, ಅವರೆ, ಅಲಸಂದೆ ಸುಟ್ಟು ಹೋಗುತ್ತವೆ. ಅದು ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿದು ಮುಂದಿನ ತರಕಾರಿಗೂ ಪೆಟ್ಟು ಕೊಡಬಹುದು. ಅಂಗಡಿಯಲ್ಲಿ ಕೊಟ್ಟರು ಅಂತ ಸುಮ್ನೆ ತರಬೇಡಿ. ಜೋಳದ ಸುಳಿ ತಿನ್ನುವ ಸೈನಿಕ ಹುಳುವಿಗೂ ವರ್ಷವೂ ಜೋಳ ಸಿಕ್ಕರೆ ಹಬ್ಬ. 2018ರಲ್ಲಿ ನಮ್ಮ ದೇಶಕ್ಕೆ ಬಂದದ್ದು ಇನ್ನೂ ಹೋಗಿಲ್ಲ.

ಮತ್ತೊಬ್ಬರು:
ಅಮೆರಿಕದ ಕಡೆ ಒಮ್ಮೆ ನೋಡಿ. ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾನೂನು ಅಲ್ಲಿ 2005ರಲ್ಲಿ ಬಂತು, 2007ರಲ್ಲಿ ಪ್ರಮಾಣ ಏರಿಸಿದರು. ಈಗ ಅಲ್ಲಿಯ ಜೋಳದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಎಥನಾಲಿಗೇ ಹೋಗುತ್ತದೆ. ಹುಲ್ಲುಗಾವಲನ್ನೂ ಉತ್ತು ಜೋಳ ಹಾಕಿದರು. ಹೊಲಗಳ ಗೊಬ್ಬರ ಮಿಸಿಸಿಪ್ಪಿ ನದಿಗೆ ಇಳಿದು ಸಮುದ್ರ ಸೇರುತ್ತದೆ. ಮೆಕ್ಸಿಕೊ ಕೊಲ್ಲಿಯಲ್ಲಿ ಬೇಸಿಗೆ ಬಂದರೆ ಮೀನಿಗೆ ಉಸಿರಾಡಲು ಆಮ್ಲಜನಕ ಸಾಲದಂತಾಗಲು ಇದೂ ದೊಡ್ಡ ಕಾರಣ. ನಮ್ಮದು ಸಣ್ಣ ಹೊಲ, ನಿಜ. ಆದರೆ ಇಳಿಜಾರಿನ ಕೆಂಪು ಮಣ್ಣಲ್ಲಿ ಗೊಬ್ಬರ ಹಾಕಿದ ಮೇಲೆ ಜೋರು ಮಳೆ ಬಂದರೆ ಅದೇ ಕಥೆ ಅಲ್ವಾ? ಯೂರಿಯಾ ಒಂದೇ ಸಲ ಎರಚದೆ ಕಂತಿನಲ್ಲಿ ಕೊಡಿ.

ಬೆಲೆಯನ್ನೂ ಕೇಳಿಕೊಳ್ಳಿ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ವ್ಯಾಪಾರಿ ಅದಕ್ಕಿಂತ ಕಡಿಮೆ ಹೇಳಿದರೆ ಯಾಕೆ ಅಂತ ಕೇಳಿ. ಹೊಲ ಕಾಡಂಚಿಗಿದ್ದರೆ ಆನೆ, ಹಂದಿ ಕಾವಲಿನ ಖರ್ಚನ್ನೂ ಸೇರಿಸಿ. ನಿಮ್ಮದು ಇಳಿಜಾರಾ, ಮಟ್ಟದ ಹೊಲವಾ? ಹೇಳಿದರೆ ಸಾಲು ಹೇಗೆ ಹೊಡೆಯಬೇಕು ಅಂತ ಬರೆಯುತ್ತೇನೆ.