ಸಹಾಯ ಬೇಕು: ಅಪ್ಪ ಅಮ್ಮನ ಜೊತೆ ಸವಾನಾ ಸುತ್ತಾಟ

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಅಟ್ಲಾಂಟಾದಿಂದ ಕಾರಿನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ನಗರಕ್ಕೆ ಹೋಗಿ ವಾರಾಂತ್ಯ ಅಲ್ಲೇ ಇರುವ ಯೋಚನೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗಲ್ಲ.

ಜಾರ್ಜಿಯಾ ವಸಾಹತು ಕಟ್ಟಿದ ಬ್ರಿಟಿಷ್ ಅಧಿಕಾರಿ ಓಗಲ್‌ಥಾರ್ಪ್ 1733ರಲ್ಲಿ ಶುರು ಮಾಡಿದ ಊರು. ಹಳೆಯ ಚೌಕಗಳು (ಬೀದಿಗಳ ನಡುವಿನ ಪುಟ್ಟ ಪಾರ್ಕುಗಳು) ಈಗಲೂ 22 ಇವೆ. ಎಲ್ಲ ನೋಡುವ ಹಟ ಇಲ್ಲ, ನೆರಳು, ಬೆಂಚು ಇರುವ ಎರಡು ಮೂರು ಹೇಳಿ. ಫೋರ್ಸಿತ್ ಪಾರ್ಕ್‌ನ 1858ರ ಕಾರಂಜಿ ಮುಂದೆ ಫೋಟೋ ಮಾತ್ರ ಆಗಲೇಬೇಕು, ಅಮ್ಮನ ಆರ್ಡರ್!

ನನಗೆ ಮುಖ್ಯವಾಗಿ ಕಪ್ಪು ಜನರ ಹಳೆಯ ಚರ್ಚ್ ಆದ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚ್ ನೋಡಬೇಕು. ಅದರ ನೆಲಮಾಳಿಗೆಯ ನೆಲದ ಹಲಗೆಗಳಲ್ಲಿ ವಜ್ರದ ಆಕಾರಕ್ಕೆ ಕೊರೆದ ತೂತುಗಳಿವೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಕೆಳಗೆ ಅಡಗಿದಾಗ ಉಸಿರಾಡಲಿ ಅಂತ ಮಾಡಿದ್ದು ಎನ್ನುತ್ತಾರೆ. ಟೂರ್ ಮೊದಲೇ ಬುಕ್ ಮಾಡಬೇಕಾ? ಮೆಟ್ಟಿಲು ತುಂಬಾ ಇವೆಯಾ?

ನದಿ ದಂಡೆಯ ರಿವರ್ ಸ್ಟ್ರೀಟ್‌ಗೆ ಇಳಿಯುವ ಕಲ್ಲಿನ ಮೆಟ್ಟಿಲು ಕಡಿದಾಗಿವೆ. ಅಮ್ಮನಿಗೆ ಸುಲಭದ ದಾರಿ ಇದ್ದರೆ ತಿಳಿಸಿ.

ಅಪ್ಪನಿಗೆ ಕೋಟೆ ಹುಚ್ಚು. ಊರಾಚೆಯ ಫೋರ್ಟ್ ಪುಲಾಸ್ಕಿ ಕೋಟೆಯ ಗೋಡೆಯಲ್ಲಿ ಅಮೆರಿಕದ ಅಂತರ್ಯುದ್ಧ ಕಾಲದ, 1862ರ ಫಿರಂಗಿ ಗುಂಡುಗಳು ಇನ್ನೂ ಸಿಕ್ಕಿಕೊಂಡಿವೆ ಎಂದು ಕೇಳಿ ಕುಣಿಯುತ್ತಿದ್ದಾರೆ. ಬೆಳಗ್ಗೆ ಕೋಟೆ, ಸಂಜೆ ಊರು, ಬಿಸಿಲಿಗೆ ಇದು ಸರೀನಾ? ಟ್ರಾಲಿ ಟೂರ್ ತಗೊಂಡವರು ಹೇಳಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅಲ್ವಾ?